ಶಂಖಕ್ಕೆ ಹೋಗಿ ಬಂದವರು

ಅಕ್ಕ ದರ್ಜಿ. ತಂಗಿ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳು ಬರುವುದು, ಹೋಗುವುದನ್ನು ಸಾರುವವಳು. ನಗರದ ನಡುಚೌಕದಲ್ಲಿ ಹೊಸದಾಗಿ ನಿಲ್ಲಿಸಿದ್ದ ಶಿಲ್ಪ ನೋಡಲು ಒಂದು ರಜಾದಿನ ಇಬ್ಬರೂ ಹೋದರು. ಮನೆಗಳಿಗಿಂತ ಎತ್ತರದ ಉಕ್ಕಿನ ಸುರುಳಿ ಅದು. ಜನ ಶಂಖ ಎನ್ನುತ್ತಿದ್ದರು. ಒಳಹೊಕ್ಕು ಕೂಗಿದರೆ ದನಿ ಸುತ್ತಿ ಸುತ್ತಿ ವಾಪಸು ಬರುತ್ತಿತ್ತು.

ಅಕ್ಕ "ಓಹೋಯ್" ಎಂದಳು. ಶಂಖವೂ ಹಾಗೇ ಎಂದಿತು.

ತಂಗಿ ಗಂಟಲು ಸರಿಮಾಡಿಕೊಂಡು, "ಪ್ರಯಾಣಿಕರ ಗಮನಕ್ಕೆ" ಎಂದು ರಾಗವಾಗಿ ಸಾರಿದಳು. ಏನೂ ಬರಲಿಲ್ಲ. ಇನ್ನೊಮ್ಮೆ ಕೂಗಿದಳು. ಪಕ್ಕದವರ ಕೆಮ್ಮು ಕೂಡ ಮರುದನಿಯಾಗುತ್ತಿತ್ತು, ಅವಳ ಮಾತು ಮಾತ್ರ ಇಲ್ಲ.

"ನಿಮ್ಮ ರೈಲಿಗೆ ಕಾದು ಕಾದು ಇದಕ್ಕೂ ಸಾಕಾಗಿರ್ಬೇಕು ಬಿಡೇ," ಎಂದು ಅಕ್ಕ ನಕ್ಕಳು. ತಂಗಿ ನಗಲಿಲ್ಲ.

ಮರುದಿನ ಬೆಳಗ್ಗೆ ತಂಗಿಯ ಬಾಯಿಂದ ದನಿಯೇ ಹೊರಡಲಿಲ್ಲ. ತುಟಿ ಆಡುತ್ತಿತ್ತು, ಬರುತ್ತಿದ್ದದ್ದು ಬರೀ ಉಸಿರು. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಗಂಟಲಲ್ಲಿ ಏನೂ ತೊಂದ್ರೆ ಇಲ್ವಲ್ಲಮ್ಮ," ಎಂದು ತಲೆ ಕೆರೆದುಕೊಂಡರು. ನಿಲ್ದಾಣದಲ್ಲಿ ಅವಳ ಕುರ್ಚಿಗೆ ಬೇರೊಬ್ಬಳು ಬಂದಳು.

ಅಕ್ಕನಿಗೆ ಸೂಜಿಗೆ ದಾರ ಪೋಣಿಸಲೂ ಮನಸ್ಸಾಗದು. ಒಂದು ಮಧ್ಯಾಹ್ನ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಒಬ್ಬಳೇ ಶಂಖಕ್ಕೆ ಹೋದಳು. ಉರಿಬಿಸಿಲು, ಒಳಗೆ ಯಾರೂ ಇರಲಿಲ್ಲ. ಗೋಡೆಗೆ ಕಿವಿ ಇಟ್ಟಳು. ತಂಗಿಯದೇ ದನಿ, ತೀರ ಹತ್ತಿರದಲ್ಲಿ.

"ಅಕ್ಕಾ, ಬಂದ್ಯಾ? ಇಲ್ಲಿ ತುಂಬಾ ಜನ ಇದಾರೆ ಕಣೇ."

ಅಕ್ಕ ಥಟ್ಟನೆ ಗೋಡೆಯಿಂದ ಕಿವಿ ತೆಗೆದಳು. ಆದರೂ ಅಲ್ಲಿಂದ ಕದಲಲಿಲ್ಲ. ಚಿಕ್ಕಂದಿನಲ್ಲಿ ಆಟದಿಂದ ಎಳೆದು ತರುತ್ತಿದ್ದ ಗದರಿಕೆಯಲ್ಲೇ, "ಸಾಕು, ಮನೆಗೆ ನಡಿ," ಎಂದಳು. ದಾರಿಯುದ್ದಕ್ಕೂ ಹಿಂತಿರುಗಿ ನೋಡಲಿಲ್ಲ.

ಬಾಗಿಲು ತೆಗೆದ ತಂಗಿ, "ಎಲ್ಲಿಗೆ ಹೋಗಿದ್ದೆ? ಊಟ ಆರಿ ಹೋಯ್ತು," ಎಂದಳು. ತನ್ನ ಮಾತು ತನಗೇ ಕೇಳಿಸಿ ಅತ್ತುಬಿಟ್ಟಳು. ಅಕ್ಕ ಅವಳನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ.

ತಂಗಿ ಕೆಲಸಕ್ಕೆ ಮರಳಿದಳು. ಹಗಲೆಲ್ಲ ಮೊದಲಿನ ಹಾಗೇ ಇದ್ದಳು. ಆದರೆ ಪಾಳಿ ಮುಗಿಸಿ ಬಂದು ಕಣ್ಣು ಮುಚ್ಚಿದರೆ ಅವಳ ಬಾಯಿಂದ ಬರುವ ಕನವರಿಕೆ ಅವಳದಾಗಿರುತ್ತಿರಲಿಲ್ಲ. ಒಮ್ಮೆ ಯಾರೋ ಮುದುಕ ಕೊಡೆ ಎಲ್ಲಿಟ್ಟೆ ಎಂದು ಕೇಳುವನು. ಒಮ್ಮೆ ಒಂದು ಮಗು ಅಮ್ಮನನ್ನು ಕರೆಯುವುದು.

ಅಕ್ಕ ಇದನ್ನು ತಂಗಿಗೆ ಹೇಳಲಿಲ್ಲ. ಹಾಸಿಗೆಯಂಚಿಗೆ ಕೂತು, ಅವಳ ಎದೆಯ ಮೇಲೆ ಮೆಲ್ಲಗೆ ತಟ್ಟುತ್ತ, "ಆಯ್ತು ಆಯ್ತು, ಮಲಗಿ ಎಲ್ರೂ," ಎನ್ನುತ್ತಿದ್ದಳು.