ಹಳ್ಳಕ್ಕೆ ಬೀಳುವ ನರಿ

ನರಿ ಮತ್ತೆ ಹಳ್ಳಕ್ಕೆ ಬಿತ್ತು. "ಅಯ್ಯಯ್ಯಯ್ಯೋ" ಎಂದು ಕೀಚಲು ದನಿಯಲ್ಲಿ ಕೂಗುತ್ತ, ಕೆಂಪು ಬಾಲ ಮೇಲೆ ಮಾಡಿಕೊಂಡು, ಟೀವಿಯ ತಳದಲ್ಲಿ ಮಾಯವಾಯಿತು.

"ನಾನು ಸರಿಯಾಗೇ ಒತ್ತಿದೆ ಕಣಣ್ಣ," ಎಂದಳು ತಂಗಿ. "ಗುಂಡಿ ಒತ್ತಿದ್ರೆ ಇದು ಮೊದಲು ಯೋಚನೆ ಮಾಡುತ್ತೆ, ಆಮೇಲೆ ಹಾರುತ್ತೆ."

"ಮಾಡಿದವರ ತಲೇಲಿ ಮಣ್ಣು ತುಂಬಿದೆ. ಕೊಡಿಲ್ಲಿ."

ಅವನು ಕಂಟ್ರೋಲರ್ ಕಿತ್ತುಕೊಂಡ. ಆಟದ ಡಬ್ಬಿಯ ಮೇಲಿನ ಚಿತ್ರದಲ್ಲಿ ನರಿ, ಆಮೆ, ಕರಡಿ ಮೂರರ ಕಣ್ಣಲ್ಲೂ ಎಂಥ ಹೊಳಪು! ಒಳಗೆ ನೋಡಿದರೆ ಆಮೆ ನರಿಗಿಂತ ಜೋರಾಗಿ ಓಡುತ್ತದೆ, ಯಾವ ಕಾಡಿಗೆ ಹೋದರೂ ಅದೇ ಮೂರು ಮರ. ಇರಲಿ. ನಾಲ್ಕನೇ ಕಾಡಿನಲ್ಲಿ ಗುಹೆಯಿಂದ ಕರಡಿ ಹೊರಗೆ ಬರುತ್ತದೆ, ಮಾತಾಡುತ್ತದೆ. ಆ ದನಿ ಅವನದು; ಆಟ ಮಾಡಿದವರು ಅವನಿಂದ ಮಾತಾಡಿಸಿ ರೆಕಾರ್ಡ್ ಮಾಡಿಕೊಂಡಿದ್ದರು. ಅದು ದಪ್ಪಗೆ ಬರಲೆಂದು ಬಚ್ಚಲಿನ ಬಕೆಟ್ಟಿಗೆ ಮುಖವಿಟ್ಟು ದಿನವೂ ಗುಡುಗಿದ್ದ. ಈ ಗಂಟಲನ್ನು ನಂಬಿಯೇ ಓದು ಬಿಟ್ಟವನು ಅವನು. ಅವತ್ತಿನಿಂದ ಅಪ್ಪ ಅವನನ್ನು ಹೆಸರು ಹಿಡಿದು ಕರೆದಿಲ್ಲ. ಇವತ್ತು ಮಾತ್ರ, ಅಮ್ಮ ಗೋಗರೆದ ಮೇಲೆ, ಲಿಫ್ಟ್ ರಿಪೇರಿ ಮುಗಿಸಿ ಬಂದವನು ಗ್ರೀಸ್ ಕೈಯಲ್ಲೇ ಸ್ಟೂಲಿನ ತುದಿಗೆ ಕೂತಿದ್ದ.

ನರಿ ಇನ್ನೊಮ್ಮೆ ಬಿತ್ತು.

"ಗಂಟಲು ಸಾಹೇಬ್ರೇ," ಎಂದ ಅಪ್ಪ, "ಎಂಥ ಕೆಟ್ಟ ಲಿಫ್ಟೂ ಇಷ್ಟು ಸಲ ಕೆಳಗೆ ಹೋಗಲ್ಲ."

"ಕೂತ್ಕೋ ಅಪ್ಪ. ಕರಡಿ ಬಂದೇ ಬರುತ್ತೆ."

ಬರುತ್ತದೆ ಎನ್ನುವುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಲ್ಲು ಕಚ್ಚಿ ಆಡಿದ. ಅಂಚಿಗೆ ಬಂದು ಒತ್ತಿದರೆ ತಡವಾಗುತ್ತದೆ, ಅಂಚು ಕಾಣುತ್ತಿದ್ದ ಹಾಗೇ ಒತ್ತಬೇಕು. ಆಟದ ಹುಳುಕು ಕೈಗೆ ಸಿಕ್ಕಮೇಲೆ ಹಳ್ಳಗಳು ಒಂದೊಂದಾಗಿ ಹಿಂದೆ ಸರಿದವು. ಜಾರುವ ಮರದ ದಿಮ್ಮಿಯ ಮೇಲೆ ನರಿ ನಿಂತಿತು. ಎದುರಿಗೆ ಗುಹೆ.

"ಅಮ್ಮಾ, ಬಾ ಬೇಗ," ತಂಗಿ ಕೂಗಿದಳು. ಟೀವಿಯ ಸದ್ದನ್ನು ಪೂರ್ತಿ ಏರಿಸಿದಳು. ಅಮ್ಮ ಒಲೆ ಆರಿಸಿ ಬಂದಳು.

ಕರಡಿ ಹೊರಗೆ ಬಂತು. ಬಾಯಿ ತೆರೆಯಿತು. ಬಾಯಿಂದ ಬಿಳಿ ಗುಳ್ಳೆಯೊಂದು ಎದ್ದು, ಅದರಲ್ಲಿ ಅಕ್ಷರಗಳು ಟಕಟಕನೆ ಮೂಡಿದವು: 'ಈ ಕಾಡಿನಲ್ಲಿ ನನ್ನ ದನಿಗೆ ಹೆದರದವರಿಲ್ಲ.'

ಅಷ್ಟೇ. ದನಿಯಿರಲಿಲ್ಲ.

"ತೆಗೆದು ಹಾಕಿದ್ದಾರೆ," ಎಂದ. "ಗಂಟಲು ಹರಿಯೋ ತನಕ ಕೂಗಿಸಿಕೊಂಡು ತೆಗೆದು ಹಾಕಿದ್ದಾರೆ. ಹೇಳೋ ಯೋಗ್ಯತೆನೂ ಇಲ್ಲ ಅವರಿಗೆ. ನಾಳೆ ಹೋಗಿ ಕೊರಳಪಟ್ಟಿ ಹಿಡೀತೀನಿ."

ಕಂಟ್ರೋಲರನ್ನು ಸೋಫಾದ ಮೇಲೆ ಬಿಸಾಡಿದ. ಯಾರೂ ಹಿಡಿಯದ ನರಿ ದಿಮ್ಮಿಯಿಂದ ಮೆಲ್ಲಗೆ ಜಾರಿತು. ಏರಿಸಿಟ್ಟ ಸದ್ದಿನಲ್ಲಿ "ಅಯ್ಯಯ್ಯಯ್ಯೋ" ಮನೆ ತುಂಬಿತು.

ಅಮ್ಮ ಕತ್ತು ಓರೆ ಮಾಡಿದಳು. "ಇದು ನೀನೇ ಅಲ್ವೇನೋ?"

"ಯಾವುದು?"

"ಈಗ ಬಿದ್ದಿದ್ದು. ಅಟ್ಟದ ಏಣಿಯಿಂದ ಬಿದ್ದಾಗ ಹೀಗೇ ಕೂಗಿದ್ದೆ ನೀನು. ಕೊನೇಲಿ ಮೂಗೆಳೆಯೋದೂ ಅದೇ."

ಅವನಿಗೆ ನೆನಪಾಯಿತು. ಕರಡಿಯ ಮಾತೆಲ್ಲ ಮುಗಿದ ಮೇಲೆ ರೆಕಾರ್ಡಿಂಗಿನವನು, ಸುಮ್ಮನೆ ಎತ್ತರದಿಂದ ಬಿದ್ದ ಹಾಗೆ ಒಂದು ಸಲ ಕೂಗು ಎಂದಿದ್ದ. ತಮಾಷೆಗೆಂದು ಕೂಗಿ, ಮರೆತು ಬಂದಿದ್ದ. ಅದನ್ನೇ ವೇಗ ಹೆಚ್ಚಿಸಿ ಕೀಚಲು ಮಾಡಿದ್ದರು.

"ಅಂದ್ರೆ ಆವಾಗಿಂದ ಬೀಳ್ತಿರೋದು ನೀನಾ?" ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ನಗಲಿಲ್ಲ.

ಅಪ್ಪ ಎದ್ದು ಒಳಗೆ ಹೋದ. ಹೋಗಲಿ ಎಂದುಕೊಂಡ ಇವನು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸಿತು. ಅಪ್ಪ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಬಂದು ಸೋಫಾದ ಮೇಲಿದ್ದ ಕಂಟ್ರೋಲರ್ ಎತ್ತಿಕೊಂಡ.

"ಗುಂಡಿ ಯಾವುದೋ?"

"ಹಾರೋಕೆ ಈ ಹಸಿರು. ಅಂಚು ಬರೋಕೆ ಮುಂಚೇನೇ ಒತ್ತಬೇಕು."

ಅಪ್ಪ ಹಸಿರು ಗುಂಡಿಯಿಂದ ಬೆರಳು ತೆಗೆದ. ನರಿಯನ್ನು ಮೆಲ್ಲಗೆ ಹಳ್ಳದ ಅಂಚಿನವರೆಗೆ ನಡೆಸಿ, ಲಿಫ್ಟಿನ ಬಾಗಿಲಿಗೆ ಕಿವಿ ಕೊಡುವವನ ಹಾಗೆ ತಲೆ ವಾಲಿಸಿ, ಇನ್ನೊಂದು ಹೆಜ್ಜೆ ಮುಂದಿಡಿಸಿದ. ಕೆಂಪು ಬಾಲ ಮುಳುಗಿ, ಕೂಗು ಪೂರ್ತಿ ಅಡಗುವ ತನಕ ಅಪ್ಪ ಅಲುಗಲಿಲ್ಲ. ಆಮೇಲೆ ನರಿಯನ್ನು ಮತ್ತೆ ಅಂಚಿಗೆ ನಡೆಸಿಕೊಂಡು ಬಂದ.