ಮಾಸ್ತರರ ಹೆಸರಿನ ಮೇಲಿನ ಮಸಿ

ಥೂ, ಇದೇನಿದು, ಹೆಸರಿನ ತುಂಬ ನೊಣದ ಹೇಲಿನಂಥ ಚುಕ್ಕೆ — ಮಹೇಶ್ವರಿ ಕಾರ್ಡನ್ನು ಟ್ಯೂಬ್‌ಲೈಟಿಗೆ ಹಿಡಿದಳು, ದೂರ ಹಿಡಿದಳು, ಎಲ್ಲಿ ಹಿಡಿದರೂ ಹೊಲಸು ಹೊಲಸೇ, ಗೋವಿಂದರಾಜ ಮಾಸ್ತರರ ಪ್ರಥಮ ಪುಣ್ಯಸ್ಮರಣೆ ಎಂದಿದೆ, ಗಂಡನ ಹೆಸರಿನ ಗ ಅರ್ಧ ಸವೆದಿದೆ, ರ ಹೊಟ್ಟೆ ತುಂಬ ಮಸಿ, ಒಂದಲ್ಲ, ಎಲ್ಲ ರಗಳಿಗೂ ಅದೇ ಅಳತೆಯ ಕೊಳೆ, ಹೊಲಸಲ್ರೀ ಅಮ್ಮಾರ, ಡಿಸೈನ್ ಐತಿ, ಎನ್ನುತ್ತಾನೆ ಪ್ರೆಸ್ಸಿನ ಕಂಪ್ಯೂಟರಿನ ಮುಂದೆ ಕುಳಿತ ಕಳಕೇಶ, ಹಳೇ ಟೈಪ್ ಮಶೀನ್ ಲುಕ್ ರೀ, ಈಗ ಮದವಿ ಕಾರ್ಡಿಗೂ ಇದನ್ನ ಕೇಳ್ತಾರ, ಸರ್ ನೆನಪಿಗಂತ ಹುಡುಕಿ ಹಾಕೇನಿ — ನೆನಪಂತೆ ನೆನಪು, ಕೊಪ್ಪಳ ಜಿಲ್ಲೆಯಾದ ವರ್ಷ ಕುಷ್ಟಗಿ, ಯಲಬುರ್ಗಾದ ಹುಡುಗರೆಲ್ಲ ನೌಕರಿಯ ಆಸೆಗೆ ಅವರ ಟೈಪಿಂಗ್ ಕ್ಲಾಸಿನ ಬಾಗಿಲಲ್ಲಿ ನಿಂತರೂ ಶುಕ್ರವಾರ ಮಾಸ್ತರರು ಯಾರಿಗೂ ಮಶೀನು ಮುಟ್ಟಗೊಡುತ್ತಿರಲಿಲ್ಲ, ಸೀಮೆಎಣ್ಣೆ, ಹಲ್ಲುಜ್ಜುವ ಹಳೇ ಬ್ರಷ್ಷು, ಗುಂಡುಸೂಜಿ, ಒಂದೊಂದು ಅಚ್ಚಿನ ಹೊಟ್ಟೆಯಿಂದ ಮಸಿ ಕೆದಕಿ ತೆಗೆಯುವುದು, ಮಾರಿ ತೊಳೀದ ಅಕ್ಷರ ಮಂದಿ ಮುಂದ ಬರಬಾರ್ದು ನೋಡ ಮಹೇಶ್ವರಿ, ಅವಳ ಹಳೇ ಸೀರೆಗಳೆಲ್ಲ ಆ ಮಸಿಗೇ ಹೋದವು, ಇದೇ ಕಳಕೇಶ, ಆಗಿನ್ನೂ ಮೀಸೆ ಮೂಡದವ, ಒಂದು ರ ಕಪ್ಪಾಯಿತೆಂದು ಮಾಸ್ತರರು ಹಾಳೆ ಹರಿದಾಗ ಗೊಳೋ ಎಂದು ಅತ್ತವ, ಈಗ ಅದೇ ಕಪ್ಪನ್ನು ಎಲ್ಲಿಂದಲೋ ಹುಡುಕಿ ತಂದು ಗುರುವಿನ ಹೆಸರಿಗೆ ಬಳಿದು ಛಲೋ ಆಗೇತಿಲ್ರೀ ಅಂತಾನೆ, ಹೇಸಿಗೆ.

ಲಕ್ವ ಹೊಡೆದು ಮಲಗಿದ ಮೇಲೆ ಮಾಸ್ತರರ ಬಾಯಿಯ ಅಂಚಿನಿಂದ ಗಂಜಿ ಸೋರುತ್ತಿತ್ತು, ಮಾತು ನಿಂತಿತ್ತು, ಯಾರಾದರೂ ನೋಡಲು ಬಂದರೆ ಕಣ್ಣಲ್ಲೇ ಹೇಳುವುದು, ಒರಿಸು, ಅವಳು ಸೆರಗಿನಿಂದ ಒರೆಸುವುದು, ಕೊನೆಯ ದಿನವೂ ಒರೆಸಿಯೇ ಮಣ್ಣಿಗೆ ಕಳಿಸಿದಳು, ಬ್ಯಾಡ, ತಗಿ ಇದನ್ನ, ಸ್ವಚ್ಛ ಅಕ್ಷರದಾಗ ಹೊಡಿ, ಅಂದೇಬಿಟ್ಟಳು, ಕಳಕೇಶ ತಲೆ ಕೆರೆಯುತ್ತಾನೆ, ಮುಂಜಾನೇನ ನಿಮ್ಮ ಮೈದುನ ಪಂಪಣ್ಣಾರು ಕಾರ್ಡೆಲ್ಲಾ ಒಯ್ದ್ರಲ್ರೀ, ಗಂಗಾವತಿ ಕಡೆ ಹಂಚಾಕತ್ಯಾರ, ಇದೊಂದು ಉಳಿದೈತ್ರಿ — ಹಂಚುತ್ತಿದ್ದಾನೆ, ಬೀಗರು, ಹಳೇ ವಿದ್ಯಾರ್ಥಿಗಳು, ಮನೆಮನೆಯ ಪಡಸಾಲೆಯಲ್ಲೂ ಈಗ ಮಾಸ್ತರರು ಬಾಯಿ ಒರೆಸದೆ ಕುಳಿತಿದ್ದಾರೆ, ಮಂದಿ ನೋಡುತ್ತಿದ್ದಾರೆ, ಅವಳು ಸೆರಗಿನ ತುದಿಯನ್ನು ಎಂಜಲಲ್ಲಿ ತೋಯಿಸಿ ಆ ರ ಮೇಲೆ ಉಜ್ಜಿದಳು, ಏನ್ ಮಾಡಾಕತ್ತೀರಿ ಅಮ್ಮಾರ, ಉಜ್ಜಿದಳು, ಕಾಗದ ಸವೆದು ತೂತು ಬಿತ್ತು, ತೂತಿನ ಅಂಚಿಗೆ ಕಪ್ಪು ಹಾಗೇ ಇತ್ತು, ಬಾಯಿಯ ಅಂಚು, ಆ ಕಣ್ಣು, ಒರಿಸು, ಒರಿಸು —