ಬೆಟ್ಟಕ್ಕೆ ಮುಖ ಮಾಡಿ ಇಳಿದದ್ದು

ಐವತ್ತು ತುಂಬಿದ ವರ್ಷ ಫಿಡೆಲಿಸನಿಗೆ ಬೆನ್ನಿಗೆ ಚೀಲ ಹಾಕಿಕೊಂಡು ಗುಡ್ಡ ಏರುವ ಹುಚ್ಚು ಹಿಡಿಯಿತು. ದುಬೈಯ ದೇರಾದ ಹೋಟೆಲೊಂದರ ಸ್ಟೋರಿನಲ್ಲಿ ಕೂತೂ ಕೂತೂ ಬೆಳೆದ ಹೊಟ್ಟೆಗೆ ಡಾಕ್ಟರು ಬೈದಿದ್ದರು. ಚಳಿಗಾಲದಲ್ಲಿ, ಅಲ್ಲಿನ ವಾರದ ರಜೆಯಾದ ಶುಕ್ರವಾರಗಳಲ್ಲಿ, ಹತ್ತಾ ಎಂಬ ಊರಿನ ಕಡೆಯ ಒಣ ಗುಡ್ಡಗಳನ್ನೆಲ್ಲ ಮುಗಿಸಿದ. ಜೂನಿನಲ್ಲಿ ಈದ್ ರಜೆ ಬಂದಾಗ, ದುಬೈ ವೀಸಾ ಇದ್ದವರಿಗೆ ಜಾರ್ಜಿಯಾಕ್ಕೆ ಬೇರೆ ವೀಸಾ ಬೇಡವೆಂದು ಯಾರೋ ಹೇಳಿದ್ದೇ ಸಾಕಾಯಿತು. ಹೆಂಡತಿ ಪ್ಯಾಟ್ರಿಶಿಯಾಳನ್ನು ಕೇಳದೆ ಟಿಕೆಟ್ ಮಾಡಿಸಿದ. ಅವಳು ಊದ್ ಮೇಥಾದ ಕ್ಲಿನಿಕ್ಕೊಂದರಲ್ಲಿ ನರ್ಸು. ಗೊಣಗುತ್ತಲೇ ರಜೆ ಹಾಕಿ, ಮಗಳು ಸ್ಟೇಸಿಯನ್ನು ಅಬುಧಾಬಿಯ ತಂಗಿಯ ಮನೆಯಲ್ಲಿ ಬಿಟ್ಟು ಹೊರಟಳು.

ಎರಡು ದಿನ ಎಲ್ಲ ಸರಿಯಿತ್ತು. ಹಸಿರು ಕಣಿವೆ, ಹಳದಿ ಹೂವು, ನಡೆದಷ್ಟೂ ದಣಿಯದ ತಂಪು ಗಾಳಿ. ಮೂರನೆಯ ದಿನ ಮಧ್ಯಾಹ್ನ ದಾರಿಯ ತಿರುವಿನಲ್ಲಿ ಒಂದು ಬಿಳಿ ಶಿಖರ ಎದುರಾಯಿತು. ದೊಡ್ಡದೇನಲ್ಲ, ಅಕ್ಕಪಕ್ಕದ ಬೆಟ್ಟಗಳ ಮುಂದೆ ಅದು ಮರಿ. ಅದರ ಒಂದು ಪಕ್ಕದಲ್ಲಿ ತುದಿಯಿಂದ ಬುಡದವರೆಗೆ ಹಿಮ ಪಟ್ಟಿಯಂತೆ ಇಳಿದಿತ್ತು.

"ಪ್ಯಾಟ್ಸಿ, ಇಲ್ಲೇ ಉಂಟಲ್ಲ ಮಾರಾಯ್ತಿ! ಒಂದು ಗಂಟೆ. ಮೇಲೆ ಹೋಗಿ ಒಂದು ಫೋಟೋ, ಕೂಡಲೇ ಕೆಳಗೆ."

"ನಮ್ಮ ಶೂ ನೋಡಿದ್ದೀರಾ? ಇದರಲ್ಲಿ ಪಾರ್ಕಿನಲ್ಲಿ ವಾಕಿಂಗ್ ಮಾಡಬಹುದು."

"ಬಿಸಿಲಿಗೆ ಹಿಮ ಮೆತ್ತಗಾಗಿದೆ, ಬೆಣ್ಣೆಯ ಹಾಗೆ. ಯಲ್ಲಾ, ಬಾ."

ಬೇಡ ಎನ್ನುವ ಮಾತು ಬಾಯಿಯವರೆಗೆ ಬಂದಿತ್ತು. ಆದರೆ ಇಷ್ಟು ಖುಷಿಯಾಗಿ ಅವನನ್ನು ಕಂಡು ಎಷ್ಟು ವರ್ಷವಾಗಿತ್ತೋ. ದೊಡ್ಡ ಚೀಲವನ್ನು ಬಂಡೆಯ ಮರೆಯಲ್ಲಿಟ್ಟು, ನೀರು, ತಿಂಡಿಯಿದ್ದ ಸಣ್ಣ ಚೀಲವನ್ನು ಅವಳು ಬೆನ್ನಿಗೇರಿಸಿದಳು.

ಹತ್ತುವುದು ನಿಜಕ್ಕೂ ಸುಲಭವಿತ್ತು. ಹಿಮಕ್ಕೆ ಒದ್ದರೆ ಪಾದ ಮುಳುಗುವಷ್ಟು ಕಾಲು ಹೂತುಕೊಳ್ಳುತ್ತಿತ್ತು. ಒಂದು ಗಂಟೆಯೆಂದದ್ದು ಮೂರಾಯಿತು, ಅಷ್ಟೆ. ತುದಿಯಲ್ಲಿ ಫಿಡೆಲಿಸ್ ಎರಡೂ ಕೈ ಎತ್ತಿ ಕೂಗಿದ. ಅವಳು ಫೋಟೋ ತೆಗೆದಳು. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಆಗಲೇ ಸೂರ್ಯ ಎದುರಿನ ಬೆಟ್ಟದ ಹಿಂದೆ ಸರಿದು, ಅವರು ಹತ್ತಿ ಬಂದ ಹಿಮದ ಮೇಲೆ ನೆರಳು ಬಿದ್ದಿತು.

ಇಳಿಯಲು ಪ್ಯಾಟ್ರಿಶಿಯಾ ಮೊದಲ ಹೆಜ್ಜೆ ಇಟ್ಟಳು. ಕಾಲು ಹೂತುಕೊಳ್ಳಲಿಲ್ಲ. ಟಕ್ ಎಂದು ಸದ್ದಾಯಿತು. ನೆರಳಿನಲ್ಲಿ ಹಿಮ ಹೆಪ್ಪುಗಟ್ಟಿ, ಬೆಣ್ಣೆ ಗಾಜಾಗಿತ್ತು.

"ಹೋಯ್, ನಿಲ್ಲಿ!" ಎಂದಳು. ಅಷ್ಟರಲ್ಲಿ ಮುಂದಿದ್ದ ಫಿಡೆಲಿಸ್ ಕುಂಡೆಯ ಮೇಲೆ ಬಿದ್ದು ಜಾರತೊಡಗಿದ್ದ. ಜಾಕೆಟ್ ಹಿಮಕ್ಕೆ ಉಜ್ಜುವ ಸರ್ರೆಂಬ ಸದ್ದು ಮಾತ್ರ. ಹತ್ತು ಹನ್ನೆರಡು ಮಾರು ಕೆಳಗೆ ಹಿಮದಿಂದ ತಲೆ ಎತ್ತಿದ್ದ ಕಲ್ಲಿಗೆ ಕಾಲು ತಾಗಿ ಅವನು ನಿಂತ. ಆ ಕಲ್ಲಿಲ್ಲದಿದ್ದರೆ ಕೆಳಗೆ ಬಂಡೆಗಳ ರಾಶಿ, ಅದರಾಚೆ ಭೋರ್ಗರೆಯುವ ಹಳ್ಳ.

"ಪೆಟ್ಟಾಯಿತಾ?"

ಅವನು ಕಲ್ಲನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ಕೆನ್ನೆಯನ್ನು ಅದಕ್ಕೆ ಒತ್ತಿದ್ದ.

ಪ್ಯಾಟ್ರಿಶಿಯಾ ಅತ್ತಿತ್ತ ನೋಡಿದಳು. ನರಪಿಳ್ಳೆಯಿಲ್ಲ. ಕತ್ತಲಾಗಲು ಇನ್ನು ಎರಡು ಮೂರು ಗಂಟೆ ಇರಬಹುದು. ಚೀಲದಲ್ಲಿ ಕೈಯಾಡಿಸಿದಾಗ ಚಪಾತಿ ತಂದಿದ್ದ ಸ್ಟೀಲ್ ಡಬ್ಬಿ ಸಿಕ್ಕಿತು. ಅದರ ಮುಚ್ಚಳ ತೆಗೆದು ಅಂಚಿನಿಂದ ಹಿಮವನ್ನು ಕೆರೆದಳು. ಗುಳಿ ಬಿತ್ತು. ಬೆಟ್ಟಕ್ಕೆ ಮುಖ ಮಾಡಿ, ಏಣಿ ಇಳಿಯುವವರ ಹಾಗೆ, ಒಂದು ಗುಳಿ ಕೆರೆದು ಕಾಲಿಟ್ಟು, ಇನ್ನೊಂದು ಕೆರೆದು ಇಳಿದಳು. ಜೀಸಸ್, ಜೀಸಸ್ ಎಂಬುದು ಬಿಟ್ಟು ಬೇರೆ ಪ್ರಾರ್ಥನೆ ನೆನಪಿಗೆ ಬರಲಿಲ್ಲ.

ಅವನ ಬಳಿ ತಲುಪಿದಾಗ ಫಿಡೆಲಿಸ್ ಕಣ್ಣು ಮುಚ್ಚಿಕೊಂಡೇ ಹೇಳಿದ, "ನೀನು ಹೋಗು. ಯಾರನ್ನಾದರೂ ಕರ್ಕೊಂಡು ಬಾ. ನಾನು ಇಲ್ಲೇ ಇರ್ತೇನೆ."

"ಚಳಿಗೆ ಸಾಯ್ತೀರಿ."

"ನನ್ನಿಂದ ಆಗುವುದಿಲ್ಲ, ಪ್ಯಾಟ್ಸಿ." ಅವನು ಅಳುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ, ಅವನ ತಾಯಿ ತೀರಿಕೊಂಡಾಗಲೂ, ಅವಳು ಕಂಡಿರದ ಅಳು.

ಅವನ ಜಾರುವಿಕೆಗಿಂತ ಈ ಅಳು ಅವಳನ್ನು ಹೆಚ್ಚು ಹೆದರಿಸಿತು. ತಾನೂ ಕಲ್ಲನ್ನು ಅಪ್ಪಿ ಅತ್ತರೆ ಇಬ್ಬರ ಕಥೆಯೂ ಮುಗಿಯಿತು. ಸೂಜಿಗೆ ಹೆದರುವ ರೋಗಿಗಳ ಹತ್ತಿರ ಮಾತನಾಡುವ ದನಿಯನ್ನು ಅವಳು ಎಲ್ಲಿಂದಲೋ ಹುಡುಕಿ ತಂದಳು.

"ಕೆಳಗೆ ನೋಡಬೇಡಿ. ನನಗೆ ನಿಮ್ಮ ಎಡಗಾಲು ಕೊಡಿ. ಅಷ್ಟೇ ಸಾಕು. ಉಳಿದದ್ದು ನಾನು ನೋಡಿಕೊಳ್ತೇನೆ."

ಅವನ ಕೆಳಗೆ ನಿಂತು ಗುಳಿ ಕೆರೆದು, ಅವನ ಕಾಲನ್ನು ಕೈಯಲ್ಲಿ ಹಿಡಿದು ಅದರೊಳಗೆ ಕೂರಿಸಿದಳು. ಅವನು ಜಾರಿದರೆ ತನ್ನನ್ನೂ ಕೆಡವಿಕೊಂಡೇ ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು. ಎಡಗಾಲು. ಬಲಗಾಲು. ಒಮ್ಮೆ ಅವನ ಶೂ ಗುಳಿಯಿಂದ ತಪ್ಪಿ ಅವಳ ಭುಜಕ್ಕೆ ಬಡಿಯಿತು. ಮುಚ್ಚಳವನ್ನು ಹಿಮಕ್ಕೆ ನೆಟ್ಟು, ಅದಕ್ಕೆ ಆತು ನಿಂತಳು. ಪೂರ್ತಿ ಭಾರ ಅವಳ ಮೇಲೆ. ಮುಚ್ಚಳ ನಿಧಾನಕ್ಕೆ ಬಾಗುತ್ತಿತ್ತು.

"ಕಾಲು ತೆಗೆಯಿರಿ," ಪಿಸುಗುಟ್ಟಿದಳು. "ನಿಧಾನ. ಹಾಂ. ಅಲ್ಲೇ."

ಅವನು ತೆಗೆದ. ಹುಲ್ಲಿನ ನೆಲ ಕಾಲಿಗೆ ತಾಗುವ ಹೊತ್ತಿಗೆ ಆಕಾಶದಲ್ಲಿ ಬೆಳಕು ತೆಳುವಾಗಿತ್ತು. ಪ್ಯಾಟ್ರಿಶಿಯಾಳ ಬೆರಳುಗಳಿಂದ ರಕ್ತ ಬರುತ್ತಿತ್ತು, ನೋವು ಮಾತ್ರ ಗೊತ್ತಾಗಲಿಲ್ಲ. ನಾಲ್ಕು ಹೆಜ್ಜೆ ಹೋಗಿ ವಾಂತಿ ಮಾಡಿದಳು. ಫಿಡೆಲಿಸ್ ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತಿದ್ದ, ಅವಳ ಮುಖ ನೋಡಲಾಗದೆ.

ವಿಮಾನದಲ್ಲೂ ಮನೆಯಲ್ಲೂ ಅದರ ಮಾತೇ ಬರಲಿಲ್ಲ. ಮುಂದಿನ ಶುಕ್ರವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಹಾಲ್‌ನಲ್ಲಿ ಚಹಾ ಕುಡಿಯುತ್ತಿದ್ದಾಗ, ಅವನ ಗೆಳೆಯ ವ್ಯಾಲೆಂಟೈನ್ ಶಿಖರದ ಫೋಟೋ ನೋಡಿ ಬೆನ್ನು ತಟ್ಟಿದ.

"ಏನು ಗಟ್ಟಿ ಮಾರಾಯ ನೀನು! ಆ ಹಿಮದಿಂದ ಪ್ಯಾಟ್ರಿಶಿಯಾಳನ್ನು ಹೇಗೆ ಇಳಿಸಿದ್ದು?"

ಪ್ಯಾಟ್ರಿಶಿಯಾ ಕಪ್ಪಿನೊಳಗೆ ನೋಡುತ್ತಾ ನಿಂತಳು. ಫಿಡೆಲಿಸ್ ಫೋನನ್ನು ಹಿಂದಕ್ಕೆ ತೆಗೆದುಕೊಂಡ.

"ನಾನು ಇಳಿಸಲಿಲ್ಲ. ನಾನು ಕಲ್ಲು ಅಪ್ಪಿಕೊಂಡು ಅಳ್ತಾ ಇದ್ದೆ. ಇವಳು ನನ್ನ ಒಂದೊಂದೇ ಕಾಲು ಹಿಡಿದು ಇಳಿಸಿದಳು."

ವ್ಯಾಲೆಂಟೈನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಸುತ್ತಲಿದ್ದವರೂ ನಕ್ಕರು. ಯಾರೂ ನಂಬಲಿಲ್ಲ. ಫಿಡೆಲಿಸ್ ನಗಲಿಲ್ಲ. ಪ್ಯಾಟ್ರಿಶಿಯಾ ಕಪ್ಪನ್ನು ಮೇಜಿನ ಮೇಲಿಟ್ಟು, ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.